ತಲೆ ಎಣಿಸಿದ್ದಾಯಿತು, ಹಳ್ಳದ ನೀರು ಅಳೆಯುವವರು ಯಾರು?

ಬೆಂಗಳೂರು: ಮುಂಗಾರು ಬಿರುಸಾಯಿತೆಂದರೆ ಶುಕ್ರವಾರ ರಾತ್ರಿ ಮೆಜೆಸ್ಟಿಕ್, ಯಶವಂತಪುರ, ಗೊರಗುಂಟೆಪಾಳ್ಯದ ನಿಲುಗಡೆಗಳಲ್ಲಿ ಬೆನ್ನುಚೀಲ ಹೊತ್ತ ಯುವಕ ಯುವತಿಯರ ಗುಂಪುಗಳು ಕಾಣಿಸಿಕೊಳ್ಳುತ್ತವೆ. ಶನಿವಾರ ನಸುಕಿಗೆ ಕಳಸ ತಲುಪಿ, ದಿನವಿಡೀ ಮಳೆಯಲ್ಲಿ ನೆನೆದು ಬೆಟ್ಟ ಹತ್ತಿ ಇಳಿದು, ಸೋಮವಾರ ಬೆಳಿಗ್ಗೆ ಮತ್ತೆ ಕಚೇರಿಗೆ ಹಾಜರು. ಒಂದು ಕಾಲಕ್ಕೆ ಬೆರಳೆಣಿಕೆಯ ಹವ್ಯಾಸಿಗಳ ಗೀಳಾಗಿದ್ದ ಮಳೆಗಾಲದ ಚಾರಣ ಇಂದು ವಾರಾಂತ್ಯದ ವಹಿವಾಟಾಗಿ ಬೆಳೆದಿದೆ.

ಈ ಬೆಳವಣಿಗೆಯತ್ತ ಸರ್ಕಾರದ ಗಮನ ಹರಿದದ್ದು 2024ರ ಜನವರಿಯಲ್ಲಿ. ಆ ವರ್ಷ ಗಣರಾಜ್ಯೋತ್ಸವ ಶುಕ್ರವಾರ ಬಂದಿತ್ತು. ಮೂರು ದಿನಗಳ ಸಾಲು ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂತೆ ನೆರೆದ ಜನಸಂದಣಿಯ ದೃಶ್ಯಗಳು ಎಲ್ಲೆಡೆ ಹರಿದಾಡಿದವು. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಟಿಕೆಟ್ ವ್ಯವಸ್ಥೆಯಿಲ್ಲದ ಚಾರಣ ಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಲು ಸೂಚಿಸಿದರು. ಅದೇ ವರ್ಷ 'ಅರಣ್ಯ ವಿಹಾರ' ಜಾಲತಾಣ ಆರಂಭವಾಯಿತು. ಒಂದು ಹಾದಿಗೆ ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿಯೂ ಬಂತು. ಕಾಡಿನ ದೃಷ್ಟಿಯಿಂದ ಇದು ಸ್ವಾಗತಾರ್ಹ ಕ್ರಮ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಇದು ಬೇಸಿಗೆಗೂ ಚಳಿಗಾಲಕ್ಕೂ ಹೊಂದುವ ನಿಯಮ. ಜನವರಿಯ ಸಮಸ್ಯೆ ಜನಸಂದಣಿ. ಜುಲೈನ ಸಮಸ್ಯೆ ನೀರು. ಮುನ್ನೂರು ಮಂದಿಗೆ ಸುರಕ್ಷಿತವಾದ ಹಾದಿ ಪುನರ್ವಸು, ಪುಷ್ಯ ಮಳೆಗಳ ಒಂದು ಮಧ್ಯಾಹ್ನ ಆರು ಮಂದಿಗೂ ಸುರಕ್ಷಿತವಲ್ಲದೆ ಹೋಗಬಹುದು. ಟಿಕೆಟ್ ವ್ಯವಸ್ಥೆಗೆ ತಲೆ ಎಣಿಸುವುದು ಗೊತ್ತು, ಹಳ್ಳದ ನೀರು ಅಳೆಯುವುದು ಗೊತ್ತಿಲ್ಲ.

ಕುದುರೆಮುಖವನ್ನೇ ನೋಡೋಣ. ಸುಮಾರು 1,890 ಮೀಟರ್ ಎತ್ತರದ ಈ ಶಿಖರಕ್ಕೆ ಮುಳ್ಳೋಡಿಯಿಂದ ಹೋಗಿ ಬರಲು ಹೆಚ್ಚುಕಡಿಮೆ 20 ಕಿ.ಮೀ. ನಡೆಯಬೇಕು. ರಾಷ್ಟ್ರೀಯ ಉದ್ಯಾನವಾದ್ದರಿಂದ ರಾತ್ರಿ ತಂಗುವಂತಿಲ್ಲ, ಸಂಜೆಯೊಳಗೆ ಮರಳಲೇಬೇಕು. ದಾರಿಯುದ್ದಕ್ಕೂ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು, ಅಡ್ಡಲಾಗಿ ಹರಿಯುವ ಹಳ್ಳಗಳು. ಜೂನ್ ಮಳೆಯನ್ನು ಈ ಹುಲ್ಲು ಮತ್ತು ಶೋಲಾ ಮಣ್ಣು ಬಹುಪಾಲು ಹೀರಿಕೊಳ್ಳುತ್ತವೆ. ಜುಲೈ ನಡುವಿನ ಹೊತ್ತಿಗೆ ಮಣ್ಣು ತುಂಬಿಕೊಂಡಿರುತ್ತದೆ. ಆಮೇಲೆ ಬಿದ್ದ ಮಳೆ ನೇರ ಹಳ್ಳಕ್ಕೆ. ನಿಂತಲ್ಲಿ ತುಂತುರು ಮಾತ್ರ ಇದ್ದರೂ ಮೇಲಿನ ಗುಡ್ಡದಲ್ಲಿ ಸುರಿದದ್ದು ಸ್ವಲ್ಪ ಹೊತ್ತಿನಲ್ಲೇ ಕಾಲಬುಡಕ್ಕೆ ಬರುತ್ತದೆ. ಬೆಳಿಗ್ಗೆ ಪಾದ ನೆನೆಸಿಕೊಂಡು ದಾಟಿದ ಹಳ್ಳವನ್ನು ಸಂಜೆ ಹಿಂದಿರುಗುವಾಗ ದಾಟಲಾಗದು. ಮಂಜು ಮುಸುಕಿದರೆ ಹತ್ತು ಹೆಜ್ಜೆ ಮುಂದಿನ ಗೆಳೆಯನೂ ಕಾಣಿಸುವುದಿಲ್ಲ. ಮೊಬೈಲ್ ಸಂಪರ್ಕದ ಮಾತು ಬಿಡಿ. (ಹೋಗುವವರು ಹೊಗೆಸೊಪ್ಪು, ಉಪ್ಪಿನ ಪೊಟ್ಟಣ ಕಟ್ಟಿಕೊಂಡು ಇಂಬಳಗಳ ಬಗ್ಗೆ ತೋರುವ ಎಚ್ಚರವನ್ನು ಹಳ್ಳಗಳ ಬಗ್ಗೆ ತೋರುವುದು ಅಪರೂಪ.)

ಕೆಲವು ವರ್ಷಗಳ ಹಿಂದಿನ ಜುಲೈ ಒಂದರಲ್ಲಿ ಈ ವರದಿಗಾರನೂ ಐವರು ಗೆಳೆಯರೊಂದಿಗೆ ಇದೇ ಹಾದಿ ಹಿಡಿದಿದ್ದುಂಟು. ಒಂದು ಹಳ್ಳದ ದಂಡೆಯಲ್ಲಿ ಸ್ಥಳೀಯ ಮಾರ್ಗದರ್ಶಕ ತನ್ನ ಕೋಲನ್ನು ನೀರಿಗಿಳಿಸಿ ನೋಡಿದ. 'ನಿನ್ನೆ ಈ ಹೊತ್ತಿಗೆ ಆ ಕಲ್ಲು ಕಾಣ್ತಿತ್ತು, ಇವತ್ತು ಕಾಣ್ತಾ ಇಲ್ಲ. ತಿರುಗಿ ಹೋಗುವ' ಎಂದ. ಕಾಲು ಗಂಟೆ ವಾದ ನಡೆಯಿತು. ರಜೆ ಹಾಕಿ ಬಂದಿದ್ದೇವೆ ಎಂದನೊಬ್ಬ. ಆಚೆ ದಡದಲ್ಲಿ ಬೇರೊಂದು ತಂಡ ಹೋಗುತ್ತಿದೆಯಲ್ಲ ಎಂದ ಇನ್ನೊಬ್ಬ. ಹಿಂದಿರುಗೋಣ ಎಂಬ ಮಾತು ತನ್ನ ಬಾಯಿಂದ ಬರಲಿ ಎಂದು ಆರು ಮಂದಿಯಲ್ಲಿ ಯಾರೂ ಬಯಸಲಿಲ್ಲ. ಕೊನೆಗೆ ನಾವು ಹಿಂದಿರುಗಿದ್ದು, ಆ ಮನುಷ್ಯ ಮರು ಮಾತಾಡದೆ ಬಂದ ದಾರಿಯಲ್ಲಿ ಹೆಜ್ಜೆ ಹಾಕಿದ್ದರಿಂದ. ಅಂದು ಆತನಿಗೆ ಬರಬೇಕಿದ್ದ ಕೂಲಿಯ ಬಗ್ಗೆ ಗೆಳೆಯರಲ್ಲೊಬ್ಬ ಚೌಕಾಸಿಗಿಳಿದ. ಶಿಖರ ತೋರಿಸಲಿಲ್ಲವಲ್ಲ ಎಂಬುದು ಅವನ ತರ್ಕ.

ಸಮಸ್ಯೆಯ ಗಂಟು ಇರುವುದು ಇಲ್ಲೇ. ಬೆಂಗಳೂರಿನಿಂದ ಹೊರಡುವ ಪ್ರವಾಸದ ಬಸ್ಸು, ಹೋಂಸ್ಟೇ, ಜೀಪು, ಊಟ ಎಲ್ಲವೂ ಮುಂಗಡ ಪಾವತಿಯಾಗಿರುತ್ತವೆ. ಕೊನೆಗಳಿಗೆಯಲ್ಲಿ ರದ್ದಾದರೆ ಹಣ ಮರಳದು ಎಂಬುದು ಇಂತಹ ಪ್ರವಾಸಗಳಲ್ಲಿ ಸಾಮಾನ್ಯ ಷರತ್ತು. ಹೀಗಾಗಿ ಮಳೆ ಎಷ್ಟೇ ಬರಲಿ, ಹೊರಡದೆ ಉಳಿಯುವುದು ಎಲ್ಲರಿಗೂ ನಷ್ಟ. ಆಯೋಜಕನಿಗೆ ಬಸ್ಸಿನ ಬಾಡಿಗೆ, ಚಾರಣಿಗನಿಗೆ ಟಿಕೆಟ್ ಹಣ, ಜೀಪಿನವನಿಗೆ ದಿನದ ಗಳಿಕೆ. ಅಪಾಯವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿರುವ ಮಾರ್ಗದರ್ಶಕನ ಮಾತಿಗೆ ಹಳ್ಳದ ದಂಡೆಯಲ್ಲಿ ಬೆಂಬಲವಾಗಿ ನಿಲ್ಲುವವರು ಯಾರೂ ಇರುವುದಿಲ್ಲ.

ಹಾಗಾದರೆ ಮಳೆಗಾಲದಲ್ಲಿ ಎಲ್ಲ ಚಾರಣವನ್ನೂ ನಿಷೇಧಿಸಬಾರದೇಕೆ? ಕುಮಾರಪರ್ವತದ ಹಾದಿಯನ್ನು ಮಳೆಗಾಲದಲ್ಲಿ ಮುಚ್ಚುವ ರೂಢಿ ಇದ್ದೇ ಇದೆ. ಆದರೆ ನಿಷೇಧದಿಂದ ಜನ ಮನೆಯಲ್ಲಿ ಕೂರುತ್ತಾರೆ ಎಂಬುದು ಭ್ರಮೆ. 2023ರ ಜುಲೈನಲ್ಲಿ ಗೋವಾ ಸರ್ಕಾರ ಜಲಪಾತಗಳಿಗೆ ಪ್ರವೇಶ ನಿರ್ಬಂಧಿಸಿದಾಗ ನೂರಾರು ಮಂದಿ ರೈಲು ಹಳಿಯ ಮೇಲೆಯೇ ನಡೆದು ದೂಧ್‌ಸಾಗರದತ್ತ ಹೊರಟರು. ರೈಲ್ವೆ ಪೊಲೀಸರು ಅವರಿಗೆ ಬಸ್ಕಿ ಹೊಡೆಸಿದ ದೃಶ್ಯವನ್ನು ಓದುಗರು ಮರೆತಿರಲಾರರು. ಅದೇ ತಿಂಗಳು ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ಕೊಚ್ಚಿಹೋದ. ಜತೆಗಿದ್ದವನ ಮೊಬೈಲ್ ಅದನ್ನು ಚಿತ್ರೀಕರಿಸುತ್ತಿತ್ತು. ಮೃತದೇಹ ಸಿಕ್ಕಿದ್ದು ಒಂದು ವಾರದ ನಂತರ. ಕಾವಲಿರುವ ಹಾದಿಯನ್ನು ಮುಚ್ಚಿದರೆ ಜನ ಕಾವಲಿಲ್ಲದ ಕಡೆ ಹೋಗುತ್ತಾರೆ. ಮೇಲಾಗಿ, 2005ರ ಅಂತ್ಯಕ್ಕೆ ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆ ನಿಂತ ಮೇಲೆ ಆ ಭಾಗದ ಹಲವು ಕುಟುಂಬಗಳಿಗೆ ಹೋಂಸ್ಟೇ ಮತ್ತು ಜೀಪು ಬದುಕಿನ ದಾರಿಯಾಗಿವೆ. ನಾಲ್ಕು ತಿಂಗಳ ನಿಷೇಧವೆಂದರೆ ಅವರ ಹೊಟ್ಟೆಯ ಪ್ರಶ್ನೆಯೂ ಹೌದು.

ಮಳೆ ನೋಡಿ ಹಾದಿ ಮುಚ್ಚಲು ಬೇಕಾದ ಮಾಹಿತಿಗೆ ಕೊರತೆಯಿಲ್ಲ. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 204 ಮಿ.ಮೀ. ಮೀರಿದ ಮಳೆಯನ್ನು ಅತ್ಯಂತ ಭಾರಿ ಮಳೆ ಎಂದು ವರ್ಗೀಕರಿಸುತ್ತದೆ. ಅದರ ಮುನ್ಸೂಚನೆಯಿದ್ದರೆ ರೆಡ್ ಅಲರ್ಟ್. ಈ ಎಚ್ಚರಿಕೆ ಸಾಮಾನ್ಯವಾಗಿ ಜಿಲ್ಲಾವಾರು ಬರುತ್ತದೆ ಎಂಬುದೊಂದು ತೊಡಕು. ಚಿಕ್ಕಮಗಳೂರು ಜಿಲ್ಲೆಯೆಂದರೆ ಕಳಸವೂ ಹೌದು, ಮಳೆಗಾಗಿ ಮುಗಿಲು ನೋಡುವ ಕಡೂರೂ ಹೌದು. ಆದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳ ಜಾಲ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇದೆ. ರೈತರ ನೆರವಿಗೆ 'ವರುಣಮಿತ್ರ' ಸಹಾಯವಾಣಿಯೂ ಇದೆ. ಇದೇ ಮಾಹಿತಿ ಟಿಕೆಟ್ ನೀಡುವ ಜಾಲತಾಣಕ್ಕೂ ತಲುಪಬೇಕು.

ಇನ್ನೊಂದು ವೈಚಿತ್ರ್ಯವಿದೆ. ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಕಳಸ, ಮೂಡಿಗೆರೆ, ಶೃಂಗೇರಿ, ಕೊಪ್ಪ ತಾಲ್ಲೂಕುಗಳ ಶಾಲೆಗಳಿಗೆ ರಜೆ ಘೋಷಿಸುತ್ತಾರೆ. ಹಳ್ಳ, ಕಾಲುಸಂಕ ದಾಟಿ ಬರುವ ಮಕ್ಕಳ ಸುರಕ್ಷತೆಗಾಗಿ ಹೊರಡುವ ಆದೇಶ ಅದು. ಒಮ್ಮೊಮ್ಮೆ ಪ್ರವಾಸಿಗರಿಗೂ ನಿರ್ಬಂಧ ಹೇರಲಾಗುತ್ತದೆ, ಒಮ್ಮೊಮ್ಮೆ ಇಲ್ಲ. ಇಲ್ಲದ ದಿನ, ಶಾಲೆಗೆ ಹೋಗದೆ ಮನೆಯ ಜಗಲಿಯಲ್ಲಿ ಕುಳಿತ ಮಕ್ಕಳು ನಗರದಿಂದ ಬಂದವರ ಜೀಪುಗಳು ಸಾಲಾಗಿ ಬೆಟ್ಟದತ್ತ ಹೋಗುವುದನ್ನು ನೋಡುತ್ತಾರೆ. ಹುಟ್ಟಿದಾಗಿನಿಂದ ಆ ಹಳ್ಳವನ್ನು ಕಂಡ ಮಗುವಿಗೆ ಅಪಾಯವೆನಿಸಿದ ಮಳೆ, ಹಿಂದಿನ ರಾತ್ರಿ ಬಸ್ಸು ಹತ್ತಿದವನಿಗೆ ಅಪಾಯವಲ್ಲವೆ?

ಶಾಲಾ ರಜೆಯ ಆದೇಶ ಹೊರಟ ತಾಲ್ಲೂಕಿನಲ್ಲಿ ಅಂದಿನ ಚಾರಣವೂ ತಾನಾಗಿಯೇ ರದ್ದಾಗಬೇಕು. ಆ ದಿನದ ಟಿಕೆಟ್ ಶುಲ್ಕವಿಲ್ಲದೆ ಬೇರೆ ದಿನಕ್ಕೆ ವರ್ಗವಾಗಬೇಕು. ಖಾಸಗಿ ಆಯೋಜಕರಿಗೂ ಇದೇ ಷರತ್ತು ಅನ್ವಯವಾದರೆ ಹೊರಡದಿರುವುದರ ನಷ್ಟ ಅಷ್ಟರಮಟ್ಟಿಗೆ ಇಳಿಯುತ್ತದೆ. ಮುಖ್ಯ ಹಳ್ಳಗಳ ದಂಡೆಯಲ್ಲಿ ಕೆಂಪು ಗೆರೆ ಎಳೆದ ಒಂದೊಂದು ಕಂಬ ನೆಡುವುದಕ್ಕೆ ಎಷ್ಟು ಖರ್ಚಾದೀತು? ನೀರು ಗೆರೆ ಮುಟ್ಟಿದರೆ ದಾಟುವಂತಿಲ್ಲ ಎಂಬ ನಿಯಮವಿದ್ದರೆ ಗೆಳೆಯರ ನಡುವೆ ವಾದಕ್ಕೂ ಎಡೆಯಿರದು.

ಎಲ್ಲಕ್ಕಿಂತ ಮುಖ್ಯವಾದುದು ಮಾರ್ಗದರ್ಶಕನ ಮಾತಿಗೆ ಸಿಗಬೇಕಾದ ಬಲ. ದಾರಿ ತಪ್ಪಿದವರನ್ನು ಹುಡುಕಲು ಕತ್ತಲಲ್ಲಿ ಟಾರ್ಚು, ಹಗ್ಗ ಹಿಡಿದು ಹೊರಡುವವರು ಅಗ್ನಿಶಾಮಕ ಸಿಬ್ಬಂದಿಯ ಜತೆಗೆ ಇದೇ ಊರಿನವರು. ಹಿಂದಿರುಗಿ ಎಂದು ಹೇಳುವ ಅಧಿಕಾರವೂ, ಹಾಗೆ ಹೇಳಿದ ದಿನ ಪೂರ್ಣ ಕೂಲಿಯ ಖಾತರಿಯೂ ಅವರಿಗಿರಬೇಕು. ಇದಕ್ಕಾಗಿ ಹೊಸ ಕಾನೂನು ಬೇಕಿಲ್ಲ. ಸಂರಕ್ಷಿತ ಅರಣ್ಯ ಪ್ರವೇಶಿಸುವವರಿಗೆ ಷರತ್ತು ವಿಧಿಸುವ ಅಧಿಕಾರವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈಗಾಗಲೇ ಅರಣ್ಯ ಇಲಾಖೆಗೆ ನೀಡಿದೆ. ಆ ಷರತ್ತುಗಳ ಪಟ್ಟಿಗೆ ಎರಡು ಸಾಲು ಸೇರಿಸಬೇಕಾಗಿದೆ, ಅಷ್ಟೆ. ಸೇರಿಸುವುದಾದರೆ ಮುಂಗಾರಿಗೆ ಮುನ್ನವೇ ಆಗಬೇಕು.