ಅಕ್ಕಿ ಚೀಲದ ಮೇಲೆ ಮಗಳ ಮುಖ

ಸಿರುಗುಪ್ಪದ ಓದುಗ ಸೋದರಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗಳಿಗೆ 16 ವರ್ಷ. 800 ಮೀಟರ್ ಓಟದಲ್ಲಿ ರಾಜ್ಯಮಟ್ಟದ ಪದಕ ಗೆದ್ದವಳು. ಪೇಪರಿನಲ್ಲಿ ಫೋಟೋ ಬಂತು, ಮನೆಯವರು ಕತ್ತರಿಸಿ ದೇವರ ಗೂಡಿನ ಪಕ್ಕದಲ್ಲಿ ಅಂಟಿಸಿದರು. ಅಲ್ಲಿಯವರೆಗೆ ಸಂತೋಷವೇ. ಎರಡು ತಿಂಗಳಾದ ಮೇಲೆ ಅಂಗಡಿಯಿಂದ ತಂದ 25 ಕೆ.ಜಿ. ಅಕ್ಕಿ ಚೀಲ ಇಳಿಸಿದರೆ ಅದರ ಮೇಲೆ ಅದೇ ಓಟ, ಅದೇ ಮುಖ! ಕೆಳಗೆ ಮಿಲ್ಲಿನ ಹೆಸರು. ಬಳ್ಳಾರಿಗೆ ಹೋದರೆ ಜೀನ್ಸ್ ಅಂಗಡಿಯ ಫ್ಲೆಕ್ಸಿನಲ್ಲೂ ಅವಳೇ. ಕುರುಗೋಡಿಗೆ ದೊಡ್ಡಬಸವೇಶ್ವರನ ತೇರಿಗೆ ಹೋಗಿದ್ದ ನಾದಿನಿ ಬಂದು, "ಅತ್ತಿಗೀ, ಟ್ಯೂಷನ್ನಿನವರ ಬ್ಯಾನರ್ ಮ್ಯಾಲೆ ನಮ್ಮ ಹುಡುಗೀನ್ನ ಹಾಕ್ಯಾರ. ಆಕಿ ಅಲ್ಲಿಗೆ ಯಾವತ್ತು ಹೋಗಿದ್ಲು?" ಎಂದಳಂತೆ.

ಇವರು ಮಿಲ್ಲಿಗೆ ಹೋಗಿ ಕೇಳಿದ್ದಾರೆ. "ನಾವೇನ್ ಬೈದೀವೇನಮ್ಮಾ? ಹುಡುಗಿಗೆ ಅಭಿನಂದನೆ ಹೇಳೀವಿ. ಪಿ.ಟಿ. ಮಾಸ್ತರನ್ನ ಕೇಳೇ ಹಾಕೀವಿ" ಎಂದು ಉತ್ತರ ಬಂದಿದೆ. ಮನೆಯಲ್ಲಿ ಮಾವನವರು, "ಊರ ತುಂಬ ಹೆಸರಾತಲ್ಲ, ಸುಮ್ನಿರು" ಎಂದಿದ್ದಾರೆ. ಆದರೆ ಅಕ್ಕಿ ತೀರಿದ ಮೇಲೆ ಖಾಲಿ ಚೀಲ ಎಲ್ಲಿಗೆ ಹೋಗುತ್ತದೆ ಎಂಬುದು ಅಡಿಗೆ ಮನೆ ನೋಡಿಕೊಳ್ಳುವ ನಮಗೆ ಗೊತ್ತು. ಸೌದೆ ಮುಚ್ಚಲು, ಹೊಟ್ಟು ತುಂಬಲು, ಬಚ್ಚಲ ಮುಂದೆ ಕಾಲೊರೆಸಲು. ಪಕ್ಕದ ಮನೆಯವರು ತನ್ನ ಮುಖದ ಮೇಲೆ ಕಾಲಿಟ್ಟು ಒಳಗೆ ಹೋಗುವುದನ್ನು ಕಂಡು ಹುಡುಗಿ ಅತ್ತಳಂತೆ. "ಇದಕ್ಕೆ ಕಾನೂನಿನಲ್ಲಿ ಏನಾದರೂ ಇದೆಯೇ? ದುಡ್ಡು ಕೇಳಿದರೆ ತಪ್ಪಾಗುತ್ತದೆಯೇ?" ಇದು ಅವರ ಪ್ರಶ್ನೆ.

ಇದೆ ಸೋದರಿ. ದುಡ್ಡು ಕೇಳುವುದೂ ತಪ್ಪಲ್ಲ.

ಮೊದಲು ಅಭಿನಂದನೆಯ ಮಾತು ತೆಗೆದುಕೊಳ್ಳೋಣ, ಏಕೆಂದರೆ ವ್ಯಾಪಾರಿಗಳೆಲ್ಲ ಅಡಗಿಕೊಳ್ಳುವುದು ಅದರ ಹಿಂದೆಯೇ. ಕ್ರಿಕೆಟಿಗ ಸೌರವ್ ಗಂಗೂಲಿ 1996ರಲ್ಲಿ ಇಂಗ್ಲೆಂಡಿನಲ್ಲಿ ಶತಕಗಳನ್ನು ಹೊಡೆದು ಬಂದರು. ಆಗ ಅವರು ಟಾಟಾ ಟೀ ಕಂಪೆನಿಯಲ್ಲಿ ನೌಕರಿಯಲ್ಲಿದ್ದರು. ಕಂಪೆನಿಯು ಟೀ ಪೊಟ್ಟಣದ ಜೊತೆಗೆ ಕಾರ್ಡು ಇಟ್ಟು, ಅದರ ಮೂಲಕ ಗಂಗೂಲಿಗೆ ಅಭಿನಂದನೆ ಕಳುಹಿಸಿ ಎಂದು ಗ್ರಾಹಕರನ್ನು ಕರೆಯಿತು. ಅಭಿನಂದನೆಯೇನೋ ಹೌದು, ಆದರೆ ಟೀ ಕೊಳ್ಳದೆ ಕಾರ್ಡು ಎಲ್ಲಿಂದ ಬರಬೇಕು? ಗಂಗೂಲಿ ಕಲ್ಕತ್ತಾ ಹೈಕೋರ್ಟಿಗೆ ಹೋದರು. ಆ ಕೀರ್ತಿ ಅವರ ಸ್ವಂತ ಸೊತ್ತು ಎಂಬ ವಾದಕ್ಕೆ ಮನ್ನಣೆ ಸಿಕ್ಕಿತು. ಕೊನೆಗೆ ಎರಡೂ ಕಡೆಯವರು ರಾಜಿಯಾದರು. ಸಂಬಳ ಕೊಡುವ ಕಂಪೆನಿಗೇ ಇಲ್ಲದ ಸಲಿಗೆ ಅಕ್ಕಿ ಮಿಲ್ಲಿನವರಿಗೆ ಎಲ್ಲಿಂದ ಬಂತು?

ತೀರ ಈಚಿನ ಉದಾಹರಣೆ ನಮ್ಮ ಪಿ.ವಿ. ಸಿಂಧು. 2021ರ ಆಗಸ್ಟಿನಲ್ಲಿ ಟೋಕಿಯೋದಲ್ಲಿ ಕಂಚಿನ ಪದಕ ಗೆದ್ದದ್ದೇ ತಡ, ಎಷ್ಟೋ ಕಂಪೆನಿಗಳು ಅವರ ಚಿತ್ರದ ಪಕ್ಕದಲ್ಲಿ ತಮ್ಮ ಗುರುತು ಹಾಕಿ "ಅಭಿನಂದನೆ" ಹಂಚಿದವು. ಸಿಂಧು ಅವರ ವ್ಯವಹಾರ ನೋಡಿಕೊಳ್ಳುವ ಸಂಸ್ಥೆ ಸುಮಾರು 20 ಕಂಪೆನಿಗಳ ಮೇಲೆ ಕಾನೂನು ಕ್ರಮಕ್ಕೆ ಹೊರಟಿತು. ಅಷ್ಟು ದೊಡ್ಡವರು ಇಷ್ಟು ಸಣ್ಣದಕ್ಕೆ ಯಾಕೆ ಸಿಟ್ಟಾದರು ಅಂತ ಅನ್ನಿಸಬಹುದು. ನೋಡಿ, ಹಣ ಕೊಟ್ಟು ಕರಾರು ಮಾಡಿಕೊಂಡವರು ಒಂದು ಕಡೆ ಇರುತ್ತಾರೆ. ಪುಕ್ಕಟೆ ಹಾಕಿಕೊಳ್ಳುವವರು ಹೆಚ್ಚಾದರೆ ನಾಳೆ ಹಣ ಕೊಡುವವರು ಯಾರು? ಆಟಗಾರರ ಆಯುಷ್ಯ ಹತ್ತು ಹದಿನೈದು ವರ್ಷ. ಮೊಣಕಾಲು ಉಳುಕಿದರೆ ಅದೂ ಇಲ್ಲ. ಆ ಮುಖದಿಂದ ಬರುವ ನಾಲ್ಕು ಕಾಸು ಆ ಕಾಲದಲ್ಲೇ ಬರಬೇಕು.

ಇನ್ನು ಪಿ.ಟಿ. ಮಾಸ್ತರರ ಒಪ್ಪಿಗೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. 2003ರ ಕ್ರಿಕೆಟ್ ವಿಶ್ವಕಪ್ ಸಮಯದಲ್ಲಿ, ತಮ್ಮ ಸಾಮಾನು ಕೊಂಡರೆ ವಿಶ್ವಕಪ್ ಟಿಕೆಟ್ಟಿನ ಬಹುಮಾನ ಎಂದು ವ್ಯಾಪಾರಿಗಳು ಜಾಹೀರಾತು ಮಾಡಿದರು. ಪಂದ್ಯ ನಡೆಸುವ ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆಯ ಕಡೆಯವರು ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಕೋರ್ಟು ಅದನ್ನು ಒಪ್ಪಲಿಲ್ಲ. ಹೆಸರು, ಮುಖ, ಕೀರ್ತಿಯಿಂದ ಲಾಭ ಪಡೆಯುವ ಹಕ್ಕು ಹಾಡುಮಾಂಸದ ಮನುಷ್ಯರಿಗೆ ಸೇರಿದ್ದು, ಅದನ್ನು ಅವರಿಂದ ಕಿತ್ತು ಆಟ ನಡೆಸುವ ಸಂಸ್ಥೆಗೆ ಕೊಡಲಾಗದು ಎಂದಿತು. ಅಂದಮೇಲೆ ಶಾಲೆ, ಕ್ರೀಡಾ ಸಂಘ, ತರಬೇತುದಾರ, ಇವರ್ಯಾರೂ ನಿಮ್ಮ ಮಗಳ ಮುಖವನ್ನು ಕೊಡುವವರಲ್ಲ, ನೀವು ಬರೆದು ಕೊಟ್ಟಿದ್ದರೆ ಹೊರತು. ಆದ್ದರಿಂದ ಕ್ರೀಡಾಕೂಟಕ್ಕೆ, ಹಾಸ್ಟೆಲಿಗೆ, ಶಿಬಿರಕ್ಕೆ ಸೇರಿಸುವಾಗ ತುಂಬುವ ಫಾರಮ್ಮುಗಳನ್ನು ಓದದೆ ಸಹಿ ಹಾಕಬೇಡಿ. "ಫೋಟೋಗಳನ್ನು ಪ್ರಚಾರಕ್ಕೆ ಬಳಸಿಕೊಳ್ಳಲು ಒಪ್ಪಿದ್ದೇವೆ" ಎಂಬ ಸಾಲು ಇರುವೆ ಗಾತ್ರದ ಅಕ್ಷರದಲ್ಲಿ ಕೂತಿರುತ್ತದೆ. ಬೇಡವಾದರೆ ಅದರ ಮೇಲೆ ಗೀರು ಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಫೋಟೋ ತೆಗೆದವರದೂ ಒಂದು ಹಕ್ಕಿದೆ, ಅದು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಚಿತ್ರ ತೆಗೆದವರೇ ಅದರ ಒಡೆಯರು. ನೀವು ದುಡ್ಡು ಕೊಟ್ಟು ಸ್ಟುಡಿಯೋದಲ್ಲಿ ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ಒಡೆತನ ನಿಮ್ಮದು. ಚಿತ್ರ ಒಬ್ಬರದು, ಮುಖ ಇನ್ನೊಬ್ಬರದು, ಇಬ್ಬರನ್ನೂ ಕೇಳಬೇಕು. ಪೇಪರಿನಿಂದ ಕತ್ತರಿಸಿ ಚೀಲಕ್ಕೆ ಅಚ್ಚು ಹಾಕಿದವರು ಇಬ್ಬರನ್ನೂ ಕೇಳಿಲ್ಲ.

"ಕ್ರೀಡಾಪಟುವಿನ ಮುಖದ ಕಾಯ್ದೆ" ಅಂತ ಒಂದು ಪ್ರತ್ಯೇಕ ಪುಸ್ತಕ ನಮ್ಮ ದೇಶದಲ್ಲಿ ಇಲ್ಲ. ಕೋರ್ಟುಗಳು ಖಾಸಗಿತನದ ಹಕ್ಕಿನಿಂದ ಎಳೆ ಎಳೆಯಾಗಿ ನೆಯ್ದದ್ದು ಇದು. ಒಬ್ಬರ ಹೆಸರು ಅಥವಾ ರೂಪವನ್ನು ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಆ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು 1994ರಲ್ಲಿ, ಆಟೋ ಶಂಕರ್ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ ಹೇಳಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಕೂಡಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದ ಹಿರಿಯರು!

ಹಾಗಂತ ಎಲ್ಲವನ್ನೂ ತಡೆಯಬಹುದು ಎಂದುಕೊಳ್ಳಬೇಡಿ. ಪೇಪರಿನವರು ಸುದ್ದಿಯ ಜೊತೆಗೆ ಫೋಟೋ ಹಾಕಿದರೆ ಅದು ಸುದ್ದಿ. ಓಣಿಯ ಗೆಳತಿಯರು ಮಾಲೆ ಹಾಕಿ ಬ್ಯಾನರ್ ಕಟ್ಟಿದರೆ ಅದು ಪ್ರೀತಿ. 2023ರಲ್ಲಿ ದೆಹಲಿ ಹೈಕೋರ್ಟು ಕ್ರಿಕೆಟಿಗರ ಹೆಸರು, ಅಂಕಿ-ಅಂಶ, ಬಿಡಿಸಿದ ಚಿತ್ರಗಳನ್ನು ಬಳಸಿದ ಕಂಪ್ಯೂಟರ್ ಆಟವೊಂದನ್ನು ನಿಲ್ಲಿಸಲು ಒಪ್ಪಲಿಲ್ಲ. ಅವು ಜನರೆಲ್ಲರಿಗೂ ತಿಳಿದ ಸಂಗತಿ ಎಂದಿತು. ನಿಮ್ಮ ಮಗಳು ಇಷ್ಟು ನಿಮಿಷಕ್ಕೆ ಓಡಿದಳು ಎಂದು ಯಾರಾದರೂ ಬರೆಯಬಹುದು. ಅವಳ ಮುಖ ತೋರಿಸಿ ಅಕ್ಕಿ ಮಾರುವುದು ಬೇರೆ.

ಕುರುಗೋಡಿನ ಟ್ಯೂಷನ್ನಿನವರದು ಇನ್ನೂ ಸುಲಭ. 50ಕ್ಕಿಂತ ಹೆಚ್ಚು ಮಕ್ಕಳಿಗೆ ಪಾಠ ಹೇಳುವ ಕೋಚಿಂಗ್ ಕೇಂದ್ರಗಳು ವಿದ್ಯಾರ್ಥಿಗಳ ಫೋಟೋವನ್ನು ಲಿಖಿತ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಹಾಕಬಾರದು, ಆ ಒಪ್ಪಿಗೆಯನ್ನು ಕೂಡ ಅವರು ಗೆದ್ದ ಮೇಲೆಯೇ ಪಡೆಯಬೇಕು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ನಿಯಮ ಮಾಡಿದೆ. ಇಲ್ಲಂತೂ ಹುಡುಗಿ ಅವರ ಬಾಗಿಲನ್ನೇ ತುಳಿದಿಲ್ಲ. ಕೇಂದ್ರ ಎಷ್ಟೇ ಸಣ್ಣದಿರಲಿ, ಇದು ಜನರ ದಾರಿ ತಪ್ಪಿಸುವ ಜಾಹೀರಾತು. 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಈಗ ಮಾಡಬೇಕಾದ್ದು. ಆ ಚೀಲವನ್ನು ಎಸೆಯಬೇಡಿ, ಕೊಂಡ ರಸೀದಿಯ ಜೊತೆಗೆ ಇಡಿ. ಫ್ಲೆಕ್ಸಿನ ಫೋಟೋ ತೆಗೆದು ದಿನಾಂಕ, ಜಾಗ ಬರೆದಿಡಿ, ಫ್ಲೆಕ್ಸು ರಾತ್ರಿ ಬೆಳಗಾಗುವುದರೊಳಗೆ ಮಾಯವಾಗುತ್ತದೆ. ಮೂವರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಬರೆಯಿರಿ: ಒಪ್ಪಿಗೆ ಕೊಟ್ಟಿಲ್ಲ, ಇಷ್ಟು ದಿನದಲ್ಲಿ ತೆಗೆಯಿರಿ, ಎಷ್ಟು ಚೀಲ ಅಚ್ಚಾಗಿವೆ ತಿಳಿಸಿ. ಬಗ್ಗದಿದ್ದರೆ ವಕೀಲರ ನೋಟೀಸು, ಆಮೇಲೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಮತ್ತು ಪರಿಹಾರ. ವಕೀಲರ ಫೀಜಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ವರಮಾನ ನೋಡದೆ ಉಚಿತ ನೆರವು ಉಂಟು. ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಮಿಲ್ಲಿನವರು ನೋಟೀಸು ಕಂಡು "ಆತು, ಏನಾರ ಕೊಡ್ತೀವಿ" ಎಂದು ಬಂದರೆ? ಬಳ್ಳಾರಿಯಿಂದ ತಾಸಿನ ದಾರಿಯ ತೋರಣಗಲ್ಲಿನ ಕ್ರೀಡಾ ಸಂಸ್ಥೆಯಲ್ಲಿ ನೀರಜ್ ಚೋಪ್ರಾ ಅಭ್ಯಾಸ ಮಾಡಿದ್ದು ನಮಗೆಲ್ಲ ಗೊತ್ತು. ಅಂಥವರ ಕರಾರು ನೋಡಲು ದೊಡ್ಡ ದೊಡ್ಡ ಮ್ಯಾನೇಜರುಗಳಿರುತ್ತಾರೆ. ನಿಮ್ಮ ಮಗಳಿಗೆ ಸದ್ಯ ನೀವೇ ಮ್ಯಾನೇಜರು! 18 ತುಂಬದವರು ಮಾಡಿದ ಕರಾರು ನಿಲ್ಲುವುದಿಲ್ಲವಾದ್ದರಿಂದ ತಂದೆ ಅಥವಾ ತಾಯಿ ಸಹಿ ಮಾಡಬೇಕು. ಯಾವ ಸಾಮಾನಿಗೆ, ಯಾವ ಫೋಟೋ, ಎಷ್ಟು ತಿಂಗಳು, ಎಷ್ಟು ಹಣ, ಎಲ್ಲ ಬರೆಸಿ. "ಶಾಶ್ವತವಾಗಿ", "ಎಲ್ಲ ಬಗೆಯ ಪ್ರಚಾರಕ್ಕೆ" ಎಂಬ ಮಾತಿದ್ದರೆ ಹೊಡೆದು ಹಾಕಿಸಿ. ಹಣ ಮಗಳ ಹೆಸರಿನ ಖಾತೆಗೇ ಹೋಗಲಿ. ಓಡುವ ಬೂಟು, ಮೊಟ್ಟೆ ಹಾಲು, ಶಿಬಿರಕ್ಕೆ ಹೋಗುವ ಬಸ್ ಚಾರ್ಜು, ಇವನ್ನು ಇಷ್ಟು ದಿನ ಮಾವನವರೇನೂ ಹೆಸರಿನಿಂದ ಕೊಂಡು ತಂದಿಲ್ಲವಲ್ಲ.

ಸಾಮಾನು ಎಂಥದೆಂದೂ ನೋಡಿ. ಸುಳ್ಳು ಜಾಹೀರಾತಾದರೆ, ವಿಚಾರಿಸದೆ ಮುಖ ಕೊಟ್ಟವರಿಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿಯವರೆಗೆ ದಂಡವಿದೆ. ಚೀಲದ ಮೇಲೆ ಬೇಡವೇ ಬೇಡ, ಗೋಡೆಯ ಕ್ಯಾಲೆಂಡರಿಗಾದರೆ ಸರಿ ಎಂದು ಹುಡುಗಿ ಹೇಳಿದರೆ ಅದನ್ನೂ ಕರಾರಿನಲ್ಲಿ ಬರೆಸಬಹುದು. ಇನ್ನೆರಡು ವರ್ಷಕ್ಕೆ ಸಹಿ ಅವಳದೇ ಆಗುತ್ತದೆ. ಈಗಲೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ.