ಬೈಲಿನಲ್ಲಿ ಸಾಲುಮನೆ

ಹಿರಿಯರಿಂದ ಭೂಮಿ ಬಂದವನಿಗೆ ಮನೆ ಕಟ್ಟಿ ಮಾರುವ ಯೋಗ್ಯತೆಯೂ ಅದರೊಡನೆಯೇ ಬಂದಿರುವುದೆಂಬ ಭ್ರಮೆಯೊಂದು ಈಚೆಗೆ ಬಲವಾಗಿ ಹರಡಿರುವುದು. ನರಸಿಂಹರಾಜಪುರದ ಸೀಮೆಯ ಕಡಹಿನಬೈಲಿನಂತಹ ಗ್ರಾಮದಲ್ಲಿ ಎರಡು ಎಕರೆಯ ಒಂದು ಅವಿಭಕ್ತ ಕುಟುಂಬವನ್ನು ವಾಚಕರು ಭಾವಿಸಿಕೊಳ್ಳಲಿ. ಅಡಕೆಗೆ ಹಳದಿ ಎಲೆ ರೋಗ, ಆಳುಗಳ ಅಭಾವ, ಮಕ್ಕಳು ಬೆಂಗಳೂರಿನಲ್ಲಿ. ಆಗ ನೆಂಟನೊಬ್ಬನು ಬಂದು ಉಪದೇಶಿಸುವನು: "ಹನ್ನೆರಡು ಸಾಲುಮನೆಗಳನ್ನು ಕಟ್ಟಿ ಮಾರು. ಭೂಮಿಯೇ ಬಂಡವಾಳ, ಕಟ್ಟುವ ಖರ್ಚು ಕೊಳ್ಳುವವರ ಮುಂಗಡದಿಂದ ಬರುವುದು."

ಕುಟುಂಬದ ಸಂಕಟವು ನಿಜವಾದುದೇ. ಉಪದೇಶವು ಮಾತ್ರ ಸುಳ್ಳು.

ಮೊದಲನೆಯದಾಗಿ, ಭೂಮಿ ಯಾರದು? ಪಹಣಿಯಲ್ಲಿ ಹೆಸರಿರುವ ಯಜಮಾನನೊಬ್ಬನದೇ ಅಲ್ಲ. ಕರ್ನಾಟಕದಲ್ಲಿ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ದೊರೆತ ಸಮಪಾಲಿನ ಹಕ್ಕು, 2005ರ ತಿದ್ದುಪಡಿಯಿಂದ ದೇಶದ ಹೆಣ್ಣುಮಕ್ಕಳೆಲ್ಲರಿಗೂ ದೊರೆಯಿತು. 2005ರಲ್ಲಿ ತಂದೆ ಜೀವಂತನಾಗಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಆದರೂ ಕೊಟ್ಟ ಮನೆಗೆ ಹೋದ ತಂಗಿಯನ್ನು ಕೇಳದೆ ನಕ್ಷೆ ಬರೆಸುವ ಅಣ್ಣಂದಿರು ಅಪರೂಪವಲ್ಲ. ಮನೆಯ ಅಡಿಗಲ್ಲು ಬಿದ್ದಮೇಲೆ ಅವಳು ನ್ಯಾಯಾಲಯಕ್ಕೆ ಹೋದರೆ, ಅದನ್ನು ದುರಾಶೆಯೆಂದು ಕರೆಯುವುದು ಅನ್ಯಾಯವೇ ಸರಿ. ಅವಳ ಪಾಲನ್ನು ಮೊದಲು ಮರೆತವರು ಯಾರು?

ಎರಡನೆಯದಾಗಿ, ಮುಂಗಡದ ಹಣ ಯಾರದು? ಅದು ಶಾಲೆಯ ಮೇಷ್ಟರೊಬ್ಬನ ಜೀವಮಾನದ ಉಳಿತಾಯವಾಗಿರಬಹುದು. 500 ಚದರ ಮೀಟರಿಗೆ, ಎಂದರೆ ಸುಮಾರು ಐದು ಗುಂಟೆಗೆ, ಮೀರಿದ ನೆಲದಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟಿ ಮಾರುವವನು ಮೊದಲು ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2016ರ ಸ್ಥಿರಾಸ್ತಿ ಕಾಯಿದೆಯು ವಿಧಿಸಿರುವುದು. ಬಂದ ಹಣದಲ್ಲಿ ನೂರಕ್ಕೆ 70ರಷ್ಟು ಪ್ರತ್ಯೇಕ ಖಾತೆಯಲ್ಲಿದ್ದು, ಕೆಲಸ ನಡೆದಷ್ಟೇ ಪ್ರಮಾಣದಲ್ಲಿ ಹೊರಬರಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಪಡೆಯಲಾಗದು. ಸ್ವಾಧೀನಕ್ಕೆ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವನೇ ಸರಿಪಡಿಸಬೇಕು. ಮಗಳ ಮದುವೆಗೂ ಹಳೆಯ ಸಾಲಕ್ಕೂ ಮುಂಗಡದಿಂದ ಕೈಹಾಕಬಹುದೆಂದು ಎಣಿಸಿದವನಿಗೆ ಈ ನಿಯಮಗಳು ಕಿರುಕುಳವೆನಿಸುವುವು. ಮೇಷ್ಟರಿಗೆ ಅವೇ ರಕ್ಷೆ.

ಮೂರನೆಯದಾಗಿ, ಬೈಲು ಯಾರದು? ಎರಡು ಗುಡ್ಡಗಳ ನಡುವಣ ತಗ್ಗು ನೆಲಕ್ಕೆ ಮಲೆನಾಡು ಬೈಲೆಂದು ಹೆಸರಿಟ್ಟಿತು. ಆಷಾಢ ಶ್ರಾವಣಗಳಲ್ಲಿ ಅದರ ಒಡೆಯನು ನೀರೇ. ಹಿರಿಯರು ಗದ್ದೆ ತೋಟಗಳನ್ನು ಕೆಳಗೆ ಮಾಡಿ, ಮನೆಯನ್ನು ಗುಡ್ಡದ ಬುಡದ ಎತ್ತರದಲ್ಲಿ ಕಟ್ಟಿದುದು ಅಜ್ಞಾನದಿಂದಲ್ಲ. ಬಸಿಗಾಲುವೆಯನ್ನು ಮುಚ್ಚಿ ಮಣ್ಣು ತುಂಬಿದರೆ ನೀರು ನೆರೆಯವನ ತೋಟಕ್ಕೆ ನುಗ್ಗುವುದು. ಹನ್ನೆರಡು ಮನೆಗಳ ಶೌಚದ ಗುಂಡಿಗಳು ಕೆಳಗಿನವನ ಬಾವಿಯನ್ನು ಕೆಡಿಸುವುವು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರು ಈ ಸೀಮೆಯ ಭೂಮಿಯನ್ನು ನುಂಗಿದಾಗ ಒಕ್ಕಲುಗಳು ನಿರುಪಾಯರಾಗಿದ್ದರು. ಈಗಿನವರಿಗೆ ಅಂತಹ ಬಲವಂತವೇನೂ ಇಲ್ಲ.

ಹಾಗಾದರೆ ರೋಗ ತಗುಲಿದ ತೋಟವನ್ನು ನೋಡುತ್ತ ಕುಳಿತಿರಬೇಕೆ ಎಂದು ಕೇಳಬಹುದು. ಹಾಗೆಂದು ಯಾರೂ ಹೇಳರು. ಮೊದಲು ಪಾಲುಪತ್ರವು ಎಲ್ಲರ ಸಹಿಯೊಡನೆ ನೋಂದಣಿಯಾಗಲಿ. 1964ರ ಭೂಕಂದಾಯ ಕಾಯಿದೆಯಂತೆ ಭೂಪರಿವರ್ತನೆಯ ಅನುಮತಿ ದೊರೆಯಲಿ. ಬಳಿಕ ಬೈಲನ್ನು ಬಿಟ್ಟು ಎತ್ತರದ ಒಣ ನೆಲದಲ್ಲಿ, ಸ್ವಂತ ಹಣದಿಂದ, ಎರಡೇ ಮನೆಗಳೇಳಲಿ. ಅವು ಒಂದು ಮಳೆಗಾಲವನ್ನು ಕಾಣಲಿ. ಗೋಡೆ ಒಸರುವುದೋ, ಬಾವಿ ಬತ್ತುವುದೋ, ಬಾಡಿಗೆಗೆ ಜನ ಬರುವರೋ ಎಂಬುದು ತಿಳಿದುಬರುವುದು. ತಿಳಿದಮೇಲೆ ಮೂರನೆಯ ಮನೆಯ ಮಾತು.

ಇಷ್ಟು ತಾಳ್ಮೆಯಿಲ್ಲದವನು ಭೂಮಿಯನ್ನು ನೇರವಾಗಿ ಮಾರಿ, ಒಡಹುಟ್ಟಿದವರಿಗೆಲ್ಲ ಪಾಲನ್ನು ಕೊಟ್ಟುಬಿಡುವುದು ಮೇಲು. ಅದರಲ್ಲಿ ಲಾಭ ಕಡಿಮೆಯಾದೀತು. ಆದರೆ ಪರರ ಉಳಿತಾಯವಾಗಲಿ ತಂಗಿಯ ಪಾಲಾಗಲಿ ಅದರೊಡನೆ ಮುಳುಗದು.