ಗೃಹಚಿಂತನ: ಶುಶ್ರೂಷೆಯೆಂಬ ಶಬ್ದದ ಅರ್ಥ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ರೋಗವು ಬಂದೇ ಬಂದಿರುವ ಮನೆಯಲ್ಲಿ ಮಾತಿಗೆ ಯಾವ ಸ್ಥಾನವಿರಬೇಕೆಂಬುದನ್ನು ನಮ್ಮಲ್ಲಿ ಅನೇಕರು ಆಲೋಚಿಸಿರುವುದಿಲ್ಲ. ಹಿರಿಯರೊಬ್ಬರು ಹಾಸಿಗೆ ಹಿಡಿದರೆ ವೈದ್ಯರನ್ನು ಕಾಣುತ್ತೇವೆ, ಔಷಧಗಳನ್ನು ತರುತ್ತೇವೆ, ಪಥ್ಯವನ್ನು ಅಣಿಮಾಡುತ್ತೇವೆ, ಅನುಕೂಲವುಳ್ಳವರು ಸಂಬಳ ಕೊಟ್ಟು ಶುಶ್ರೂಷಕಿಯೊಬ್ಬಳನ್ನೂ ಗೊತ್ತುಮಾಡುತ್ತೇವೆ. ಇಷ್ಟೆಲ್ಲವನ್ನು ಮಾಡಿದ ಮೇಲೂ, ಮಲಗಿರುವವರ ಮನಸ್ಸಿನಲ್ಲಿ ಏನಿದೆಯೆಂದು ವಿಚಾರಿಸುವುದು ಮಾತ್ರ ಮರೆತುಹೋಗುವುದುಂಟು. ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರೊಡನೆ ಆಡಬೇಕೆಂದಿದ್ದೇವೆ.

ನಾವು ಚೆನ್ನಾಗಿ ಬಲ್ಲ ಮನೆಯೊಂದರಲ್ಲಿ ಎಪ್ಪತ್ತೆಂಟು ವರ್ಷದ ವೃದ್ಧೆಯೊಬ್ಬರಿಗೆ ಪಾರ್ಶ್ವವಾಯುವಾಯಿತು. ಬಲಗೈ ಬಲಗಾಲುಗಳು ಸ್ವಾಧೀನ ತಪ್ಪಿದವು; ಅವುಗಳೊಡನೆ ಮಾತೂ ಹೋಯಿತು. ಎರಡು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ನುಂಗುವ ಶಕ್ತಿಯನ್ನು ಪರೀಕ್ಷಿಸಿದ್ದ ವೈದ್ಯರು ಮೆತ್ತಗಿನ ಆಹಾರವನ್ನು ಕೊಡಬಹುದೆಂದು ಹೇಳಿದ್ದರು. ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಆಕೆಯು ಊಟವನ್ನು ನಿರಾಕರಿಸತೊಡಗಿದರು. ಚಮಚವನ್ನು ಬಾಯ ಬಳಿಗೆ ತಂದೊಡನೆ ಮುಖವನ್ನು ತಿರುಗಿಸುವರು. ಎಡಗೈಯಿಂದ ಬಟ್ಟಲನ್ನು ದೂಡುವರು. ಇದು ಹಟವೆಂದು ಮಗನು ಎಣಿಸಿದನು. ತನ್ನ ಕೈಯ ಅಡಿಗೆಯು ಅತ್ತೆಯವರಿಗೆ ಬೇಡವಾಯಿತೆಂದು ಸೊಸೆಯು ಕಣ್ಣೀರಿಟ್ಟಳು. ಇನ್ನು ಬದುಕುವ ಆಸೆಯೇ ಇಲ್ಲವೆಂದು ನೆರೆಯವರು ತೀರ್ಮಾನಿಸಿದರು. ನೋಡಲು ಬಂದ ಬಂಧುಗಳು ರೋಗಿಯ ಮುಂದೆಯೇ ನಿಂತು, "ಇವರಿಗೆ ನಮ್ಮ ಗುರುತು ಸಿಗುವುದೋ?" ಎಂದು ಸೊಸೆಯನ್ನು ಕೇಳುವರು. ಆಗಲೆಲ್ಲ ಆಕೆಯು ಗೋಡೆಯ ಕಡೆಗೆ ತಿರುಗಿಬಿಡುವರು. ದಿನೇ ದಿನೇ ದೇಹವು ಬಡವಾಗುತ್ತ ಬಂದಿತು.

ಆ ಸಮಯದಲ್ಲಿ ಹಗಲು ಹೊತ್ತಿನ ಆರೈಕೆಗೆಂದು ಹೊಸದಾಗಿ ಹೆಣ್ಣುಮಗಳೊಬ್ಬಳು ಬಂದಳು. ಬಂದ ದಿನವೇ ಅವಳು ಸ್ಟೂಲೊಂದನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡು, ತನ್ನ ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತು, ಆಕೆಯ ಎಡಗೈಯನ್ನು ಹಿಡಿದುಕೊಂಡಳು. "ಅಜ್ಜಿ, ನನ್ನ ಮಾತು ನಿಮಗೆ ತಿಳಿಯುತ್ತದೆಯೆ? ತಿಳಿದರೆ ನನ್ನ ಕೈಯನ್ನು ಒಂದು ಸಲ ಅದುಮಿ" ಎಂದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಅವಳು ಅವಸರಪಡದೆ ಕಾದಳು. ಅನಂತರ ಕೈಯು ಅದುಮಿತು. "ಹಸಿವಾಗುತ್ತದೆಯೆ?" ಅದುಮಿದರು. "ಗಂಟಲು ನೋಯುತ್ತದೆಯೆ?" ಕೈಯು ಸುಮ್ಮನಿತ್ತು. "ಬಾಯೊಳಗೆ ನೋವೆ?" ಈ ಸಲ ಆಕೆಯು ಅವಳ ಕೈಯನ್ನು ಬಿಡಲೇ ಇಲ್ಲ.

ಕಟ್ಟಿಸಿದ ಹಲ್ಲಿನ ಸೆಟ್ಟನ್ನು ತೆಗೆದು ನೋಡಿದರೆ ಬಲಗಡೆಯ ವಸಡಿನಲ್ಲಿ ಹುಣ್ಣಾಗಿದ್ದಿತು. ಪಾರ್ಶ್ವವಾಯುವಿನಿಂದ ಮುಖದ ಒಂದು ಭಾಗವು ಸಡಿಲಾದುದರಿಂದ ಸೆಟ್ಟು ಮೊದಲಿನಂತೆ ನಿಲ್ಲದೆ ಉಜ್ಜುತ್ತಿದ್ದಿತು. ಅದನ್ನು ತೆಗೆದಿಟ್ಟು, ವೈದ್ಯರ ಸಲಹೆಯಂತೆ ಹುಣ್ಣು ಮಾಯುವವರೆಗೆ ನುಣ್ಣಗೆ ಅರೆದ ಆಹಾರವನ್ನು ಕೊಟ್ಟರು. ಆಕೆಯು ಊಟಮಾಡಿದರು. ಮನೆಯವರು ತಿಳಿದಿದ್ದ ಹಟವೂ ವೈರಾಗ್ಯವೂ ಒಂದು ಹುಣ್ಣಿನ ನೋವಾಗಿದ್ದವು. ಬಲವಂತದಿಂದ ತಿನ್ನಿಸಿದ್ದರೆ ಅದಕ್ಕಿಂತಲೂ ಹೆಚ್ಚಿನ ಕೇಡಾಗುತ್ತಿದ್ದಿತು. ನುಂಗುವ ಶಕ್ತಿ ಕುಂದಿದವರಿಗೆ ಹೀಗೆ ತುರುಕಿದ ಆಹಾರವು ಶ್ವಾಸನಾಳಕ್ಕೆ ಇಳಿದು ಪ್ರಾಣಾಪಾಯವಾಗುವುದುಂಟು.

ಶುಶ್ರೂಷೆಯೆಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ. ಅದು ಕೇಳುವುದೆಂಬ ಅರ್ಥದ 'ಶ್ರು' ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಸೇವೆ, ಉಪಚಾರ ಎಂಬ ಅರ್ಥಗಳು ಅದರಿಂದ ಬೆಳೆದವು. ಕೈಯ ಕೆಲಸಕ್ಕಿಂತ ಮೊದಲು ಕಿವಿಯ ಕೆಲಸವೆಂಬುದನ್ನು ಈ ಶಬ್ದವೇ ಹೇಳುತ್ತಿರುವಾಗ, ನಾವು ಅದನ್ನು ಮರೆತಿರುವುದು ಆಶ್ಚರ್ಯವಲ್ಲವೆ?

ಮಾತು ಹೋದವರೆಲ್ಲರಿಗೂ ಬುದ್ಧಿ ಹೋಗಿದೆಯೆಂದು ತಿಳಿಯಬಾರದು. ಪಾರ್ಶ್ವವಾಯುವಿನಲ್ಲಿ ಮಿದುಳಿನ ಮಾತಿನ ಭಾಗಕ್ಕೆ ಪೆಟ್ಟಾದರೆ, ಆಡಬೇಕಾದ ಪದವು ಸಿಗದೆ ಹೋಗಬಹುದು, ಇಲ್ಲವೆ ಒಂದನ್ನು ಆಡಹೋಗಿ ಮತ್ತೊಂದು ಬರಬಹುದು. ಕೆಲವರಿಗೆ ಇತರರ ಮಾತನ್ನು ತಿಳಿಯುವುದೂ ಸ್ವಲ್ಪಮಟ್ಟಿಗೆ ಕಷ್ಟವಾಗುವುದು. ಇಂಥವರೊಡನೆ ಚಿಕ್ಕ ವಾಕ್ಯಗಳನ್ನೇ ಆಡಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆಯನ್ನು, ಅದೂ ಹೌದು ಅಲ್ಲವೆಂದು ಉತ್ತರಿಸಬಹುದಾದುದನ್ನು ಕೇಳಬೇಕು. ಕೈಸನ್ನೆ, ಚಿತ್ರ, ಎದುರಿಗಿರುವ ವಸ್ತು, ಇವುಗಳ ಸಹಾಯವನ್ನು ಪಡೆಯಬೇಕು. ಹೌದೆನ್ನುವುದಕ್ಕೆ ಅಲ್ಲವೆಂದು ತಪ್ಪಿ ಸೂಚಿಸುವ ಸಂಭವವಿರುವುದರಿಂದ, ಮುಖ್ಯವಾದ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಮತ್ತೆ ಕೇಳಿ ನಿಶ್ಚಯಿಸಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಾಯಬೇಕು. ಅರ್ಥವಾಗದಿದ್ದರೂ ಆದಂತೆ ತಲೆಯಾಡಿಸುವುದು ದಯೆಯಲ್ಲ; ರೋಗಿಯು ಅದನ್ನು ಬೇಗನೆ ಗುರುತಿಸುವನು.

ಕಿವಿ ಮಂದವಾದ ವೃದ್ಧರ ವಿಷಯದಲ್ಲಿಯೂ ನಮ್ಮ ರೂಢಿಯು ತಪ್ಪಾದುದೇ. ಕೇಳಿಸದಿದ್ದರೆ ಕೂಗುತ್ತೇವೆ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಏರುಸ್ಥಾಯಿಯ ಧ್ವನಿಗಳೇ ಮೊದಲು ಕೇಳಿಸದೆ ಹೋಗುವುವು. ಕೂಗಿದಷ್ಟೂ ಸ್ವರವು ಏರಿ ಮಾತು ಕೆಡುವುದು. ಕೇಳುವವರಿಗೆ ತಮ್ಮನ್ನು ಗದರಿದಂತೆಯೂ ತೋರುವುದು. ರೇಡಿಯೋ, ಟೆಲಿವಿಷನ್‌ಗಳನ್ನು ನಿಲ್ಲಿಸಿ, ಎದುರಿಗೆ ಬಂದು, ತುಟಿಯ ಚಲನೆ ಕಾಣುವಂತೆ, ತಗ್ಗಿದ ಸ್ವರದಲ್ಲಿ ಬಿಡಿಸಿ ಬಿಡಿಸಿ ಆಡಿದರೆ ಸಾಕು. ತಿಳಿಯದ ವಾಕ್ಯವನ್ನು ಹಾಗೆಯೇ ಪುನಃ ಹೇಳುವುದಕ್ಕಿಂತ ಬೇರೆ ಪದಗಳಲ್ಲಿ ಹೇಳುವುದು ಮೇಲು.

ರೋಗಿಯ ಕೋಣೆಯಲ್ಲಿ ಪಿಸುಮಾತು ಕೂಡದೆಂದು ಫ್ಲಾರೆನ್ಸ್ ನೈಟಿಂಗೇಲರು ೧೮೫೯ರಲ್ಲಿ ಶುಶ್ರೂಷೆಯನ್ನು ಕುರಿತು ಬರೆದ ತಮ್ಮ ಪುಸ್ತಕದಲ್ಲಿಯೇ ಎಚ್ಚರಿಸಿದ್ದಾರೆ. ಬಾಗಿಲ ಬಳಿ ತಗ್ಗಿದ ದನಿಯಲ್ಲಿ ನಡೆಯುವ ಮಾತು ತನ್ನನ್ನು ಕುರಿತದ್ದೇ ಎಂದು ರೋಗಿಯು ಬಲ್ಲನು; ಅರ್ಧ ಕೇಳಿಸಿದ ಮಾತಿನ ಉಳಿದರ್ಧವನ್ನು ಅವನ ಭಯವು ತುಂಬಿಕೊಳ್ಳುವುದು. ನೋಡಲು ಬಂದವರು ಆಡುವ ಬರಿಯ ಭರವಸೆಯ ಮಾತುಗಳನ್ನೂ ಆಕೆಯು ಖಂಡಿಸಿದ್ದಾರೆ. "ಏನೂ ಆಗಿಲ್ಲ, ಬೇಗ ಎದ್ದು ಓಡಾಡುವಿರಿ" ಎಂದು ಹೇಳಿಬಿಟ್ಟರೆ, ತನಗೆ ಏನಾಗಿದೆಯೆಂಬುದನ್ನು ರೋಗಿಯು ಇನ್ನು ಯಾರೊಡನೆ ಆಡಬೇಕು?

ಇನ್ನು ಆರೈಕೆಗೆ ಬಂದವರೊಡನೆ ಮನೆಯವರು ಆಡುವ ಮಾತಿನ ವಿಷಯ. ಮಾತ್ರೆಗಳನ್ನು ತೋರಿಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ತಿಳಿಯಿತೆ?" ಎಂದು ಕೇಳುವುದು ನಮ್ಮ ಪದ್ಧತಿ. ಇದಕ್ಕೆ ಬರುವ ಉತ್ತರವು ಯಾವಾಗಲೂ "ಹೂಂ" ಎಂಬುದೇ. ತಿಳಿಯಲಿಲ್ಲವೆಂದು ಹೇಳುವುದಕ್ಕೆ ಯಾರಿಗೂ ನಾಚಿಕೆಯಾಗುವುದು. ಅದರ ಬದಲಾಗಿ, "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ಯಾವ ಮಾತ್ರೆಯನ್ನು ಯಾವಾಗ ಕೊಡುವೆ, ಒಮ್ಮೆ ಹೇಳಮ್ಮ" ಎಂದು ಕೇಳಿದರೆ, ಪರೀಕ್ಷೆಯು ಹೇಳಿದವರಿಗೇ ಹೊರತು ಕೇಳಿದವರಿಗಲ್ಲವೆಂದಾಗುವುದು, ತಪ್ಪಿದ್ದರೆ ಅಲ್ಲಿಯೇ ತಿಳಿಯುವುದು. ವೈದ್ಯರ ಮುಂದೆ ನಾವೂ ಇದೇ ಕ್ರಮವನ್ನು ಹಿಡಿದು, ಕೇಳಿದುದನ್ನು ನಮ್ಮ ಮಾತಿನಲ್ಲಿ ಅವರಿಗೆ ಒಪ್ಪಿಸುವುದು ಒಳ್ಳೆಯದು. ಊಟ, ಔಷಧ, ಮಲಮೂತ್ರ, ನಿದ್ರೆ ಇವುಗಳನ್ನು ವೇಳೆಯೊಡನೆ ಬರೆದಿಡುವ ಒಂದು ನೋಟುಪುಸ್ತಕವಿದ್ದರೆ, ಹಗಲಿನವಳು ಕಂಡದ್ದು ರಾತ್ರಿಯವಳಿಗೆ ತಲುಪುವುದು.

ಗದರುವ ಮನೆಗೆ ನಿಜವು ತಡವಾಗಿ ಬರುವುದೆಂಬುದನ್ನು ಯಜಮಾನರು ನೆನಪಿನಲ್ಲಿಡಬೇಕು. ಹಾಸಿಗೆ ಹಿಡಿದವರ ಸೊಂಟದ ಕೆಳಭಾಗದಲ್ಲಿಯೋ ಹಿಮ್ಮಡಿಯಲ್ಲಿಯೋ ಚರ್ಮವು ಕೆಂಪಾಗಿ, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸದಿದ್ದರೆ, ಅದು ಹಾಸಿಗೆ ಹುಣ್ಣಿನ ಮೊದಲ ಗುರುತು. ಆಗಲೇ ಮಗ್ಗುಲು ಬದಲಿಸುತ್ತ ಆ ಜಾಗಕ್ಕೆ ಭಾರ ಬೀಳದಂತೆ ನೋಡಿಕೊಂಡರೆ ಸಾಮಾನ್ಯವಾಗಿ ವಾಸಿಯಾಗುವುದು. "ನೀನು ಸರಿಯಾಗಿ ನೋಡಿಕೊಳ್ಳದೆ ಹೀಗಾಯಿತು" ಎಂಬ ಬೈಗುಳಕ್ಕೆ ಹೆದರಿ ಶುಶ್ರೂಷಕಿಯು ನಾಲ್ಕು ದಿನ ಸುಮ್ಮನಿದ್ದರೆ ಅದೇ ಆಳವಾದ ವ್ರಣವಾಗುವುದು. ಅವಳ ಭಯಕ್ಕೆ ದಂಡ ತೆರುವವರು ನಮ್ಮ ಹಿರಿಯರೇ. ಹಾಗೆಯೇ ಶುಶ್ರೂಷಕಿಯು ಮನೆಯ ಗುಟ್ಟನ್ನು ಹೊರಗೆ ಆಡಬಾರದು. ಆದರೆ ತಮ್ಮನ್ನು ಹೊಡೆಯುತ್ತಾರೆ, ಉಪವಾಸ ಕೆಡಹುತ್ತಾರೆ ಎಂದು ವೃದ್ಧರು ಹೇಳಿಕೊಂಡರೆ, ಅದು ಮುಚ್ಚಿಡತಕ್ಕ ಗುಟ್ಟಲ್ಲ. ಹಿರಿಯ ನಾಗರಿಕರ ಸಹಾಯಕ್ಕಾಗಿಯೇ ಏರ್ಪಟ್ಟಿರುವ ೧೪೫೬೭ ಎಂಬ ದೂರವಾಣಿ ಸಂಖ್ಯೆಯನ್ನು ಎಲ್ಲರೂ ಬರೆದಿಟ್ಟುಕೊಳ್ಳಬಹುದು.

ಕೇಳುವುದರಿಂದ ಏನಾಗಬಲ್ಲುದೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇವೆ. ಸಿಸಿಲಿ ಸಾಂಡರ್ಸ್ ಎಂಬಾಕೆಯು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಯೋಗಕ್ಷೇಮವನ್ನು ವಿಚಾರಿಸುವ ಸಮಾಜಸೇವಕಿಯಾಗಿದ್ದಾಗ, ಪೋಲೆಂಡಿನಿಂದ ಬಂದಿದ್ದ ಡೇವಿಡ್ ತಾಸ್ಮ ಎಂಬ ಯೆಹೂದ್ಯನು ಅರ್ಬುದರೋಗದಿಂದ ಸಾಯುತ್ತಿದ್ದನು. ಆ ಊರಿನಲ್ಲಿ ಅವನಿಗೆ ತನ್ನವರೆಂಬವರಿರಲಿಲ್ಲ. ಆಕೆಯು ಪದೇ ಪದೇ ಹೋಗಿ ಅವನ ಮಾತನ್ನು ಕೇಳಿದರು. ತನ್ನ ಬದುಕು ಯಾವ ಗುರುತನ್ನೂ ಉಳಿಸದೆ ಹೋಗುವುದೆಂಬುದೇ ಅವನ ದುಃಖ. ೧೯೪೮ರಲ್ಲಿ ತೀರಿಕೊಂಡಾಗ ಅವನು ಆಕೆಗೆ ೫೦೦ ಪೌಂಡುಗಳನ್ನು ಬಿಟ್ಟುಹೋದನು; ಆಕೆಯು ಮುಂದೆ ಕಟ್ಟುವ ಮನೆಗೆ ತಾನೊಂದು ಕಿಟಕಿಯಾಗುವೆನೆಂಬುದು ಅವನ ಮಾತಾಗಿತ್ತು. ಅನಂತರ ಆಕೆಯು ವೈದ್ಯವಿದ್ಯೆಯನ್ನು ಕಲಿತು, ೧೯೬೭ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಧಾಮವನ್ನು ತೆರೆದರು. ದೇಹದ ನೋವಿನೊಡನೆ ಮನಸ್ಸಿನ, ಸಂಸಾರದ, ಆತ್ಮದ ನೋವುಗಳನ್ನೂ ಕೂಡಿಸಿಯೇ ನೋಡಬೇಕೆಂಬುದು ಆಕೆಯ ಉಪದೇಶ. ಗುಣವಾಗದ ಅರ್ಬುದರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ನಮ್ಮ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ನಡೆಯುತ್ತಿರುವುದೂ ಈ ದಾರಿಯಲ್ಲಿಯೇ.

ಆಶ್ರಯಧಾಮವನ್ನು ಕಟ್ಟುವ ಶಕ್ತಿಯು ಎಲ್ಲರಿಗೂ ಇಲ್ಲ. ಹಾಸಿಗೆಯ ಪಕ್ಕದಲ್ಲಿ ಕುಳಿತು, ಒಂದು ಪ್ರಶ್ನೆಯನ್ನು ಕೇಳಿ, ಉತ್ತರಕ್ಕಾಗಿ ಕಾಯುವ ಶಕ್ತಿಯು ಎಲ್ಲರಿಗೂ ಉಂಟು. ಮೊದಲು ಹೇಳಿದ ಆ ವೃದ್ಧೆಗೆ ಈಗ ಹತ್ತಿಪ್ಪತ್ತು ಮಾತುಗಳು ಮರಳಿ ಬಂದಿವೆ. ಊಟವಾಯಿತೇ, ಆರೋಗ್ಯ ಹೇಗಿದೆ ಎಂದು ಬಂದವರು ಇಂದಿಗೂ ಸೊಸೆಯನ್ನೇ ಕೇಳುವರು. "ಅತ್ತೆಯವರನ್ನೇ ಕೇಳಿ" ಎಂದು ಹೇಳಿ, ಅವರಿಗೆ ಕುಳಿತುಕೊಳ್ಳಲು ಸೊಸೆಯು ಆ ಸ್ಟೂಲನ್ನು ಹಾಸಿಗೆಯ ಬಳಿಗೆ ಸರಿಸುವಳು.